ನಾಯಕನ ಗುರುಗಳು, ನಾಯಕನ ಶಿಷ್ಯರು

ಈಚೆಗೆ ಬೆಟ್ಟದಪುರದಲ್ಲಿ ಸ್ನೇಹಿತರ ಮನೆಯ ಜಗಲಿಯ ಮೇಲೆ ಕುಳಿತು ಯು. ಆರ್. ಅನಂತಮೂರ್ತಿಯವರ 'ಅವಸ್ಥೆ'ಯನ್ನು ಎರಡನೆಯ ಸಲ ಓದಿದೆ. 1978ರ ಈ ಕಾದಂಬರಿಯನ್ನು ರಾಜಕೀಯದ ಕೊಳೆಯ ಕಥೆಯೆಂದು ಓದುವವರೇ ಹೆಚ್ಚು. ನನ್ನನ್ನು ಈ ಸಲ ಕಾಡಿದ್ದು ಬೇರೊಂದು ಪ್ರಶ್ನೆ: ನಾಯಕನಾದವನು ಯಾರಿಂದ ಕಲಿಯುತ್ತಾನೆ, ಯಾರಿಗೆ ಕಲಿಸುತ್ತಾನೆ?

ದನ ಕಾಯುತ್ತಿದ್ದ ಕೃಷ್ಣಪ್ಪನನ್ನು ಓದಿಗೆ ಹಚ್ಚಿದವರು ಮಹೇಶ್ವರಯ್ಯ. ಅವನಲ್ಲಿ ಕ್ರಾಂತಿಯ ವಿಚಾರ ಬಿತ್ತಿದವನು ಅಣ್ಣಾಜಿ. ಈ ಗುರುಗಳ ಚಿತ್ರಣವೇ ಕೃತಿಯ ಅತ್ಯುತ್ತಮ ಭಾಗ. ಆದರೆ ಕೃಷ್ಣಪ್ಪ ತಾನು ಯಾರಿಗೆ ಗುರುವಾದ? ಅವನ ಸುತ್ತ ಅಭಿಮಾನಿಗಳುಂಟು, ಅವನಿಂದ ಕಾರ್ಯ ಸಾಧಿಸಿಕೊಳ್ಳುವವರುಂಟು. ಸರಿಸಮಕ್ಕೆ ಬೆಳೆದು ನಿಲ್ಲುವ ಶಿಷ್ಯ ಮಾತ್ರ ಕಾಣೆ. ಮೊದಲ ಓದಿನಲ್ಲಿ ಇದನ್ನು ಕಾದಂಬರಿಯ ಕೊರತೆಯೆಂದು ಎಣಿಸಿದ್ದೆ.

ಆ ಎಣಿಕೆಯನ್ನು ತಿದ್ದಿದ್ದು ಈ ಸೀಮೆಯ ಚರಿತ್ರೆ. ಕೃಷ್ಣಪ್ಪನ ಹಿಂದೆ ಶಾಂತವೇರಿ ಗೋಪಾಲಗೌಡರ ನೆರಳಿರುವುದನ್ನು ವಾಚಕರು ಬಲ್ಲರು. ಗೌಡರು ಗೆದ್ದು ಬಂದ 1952ರ ವಿಧಾನಸಭೆಯಲ್ಲೇ ನೆರೆಯ ಹುಣಸೂರಿನ ದೇವರಾಜ ಅರಸರೂ ಇದ್ದರು. 1972ರಲ್ಲಿ ಮುಖ್ಯಮಂತ್ರಿಗಳಾದ ಅರಸರು ಹಿಂದುಳಿದವರ, ದಲಿತರ ನಡುವಿನಿಂದ ಹೊಸಬರನ್ನು ಹುಡುಕಿ ತಂದರು. ಅವರ ಪಾಠವೆಂದರೆ ಕೆಲಸ ಒಪ್ಪಿಸುವುದು. ಆ ವರ್ಷ ಮೊದಲ ಬಾರಿ ಶಾಸಕರಾದ ಮಲ್ಲಿಕಾರ್ಜುನ ಖರ್ಗೆಯವರಿಗೆ 1973ರಲ್ಲಿ ಆಕ್ಟ್ರಾಯ್ ರದ್ದತಿ ಸಮಿತಿಯ ಅಧ್ಯಕ್ಷತೆ, 1976ರಲ್ಲಿ ಮಂತ್ರಿಪದವಿ. ವೀರಪ್ಪ ಮೊಯಿಲಿಯವರೂ ಅದೇ ಸಂಪುಟದಲ್ಲಿ ಪಳಗಿದವರು.

ಗರಡಿ ದೊಡ್ಡದೇ, ಆದರೆ ಉಸ್ತಾದರು ಒಬ್ಬರೇ. 1979ರಲ್ಲಿ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಜನವರಿಯ ಹೊತ್ತಿಗೆ ಶಾಸಕರು ಗುಂಪುಗುಂಪಾಗಿ ಅವರನ್ನು ಬಿಟ್ಟರು. ಅವರ ಸ್ಥಾನಕ್ಕೆ ಬಂದ ಗುಂಡೂರಾಯರೂ ಅವರ ಸಂಪುಟದಲ್ಲಿ ಮಂತ್ರಿಗಳಾಗಿದ್ದವರೇ. ಒಬ್ಬರ ಕೃಪೆಯಿಂದ ಬೆಳೆದವರಿಗೆ ಆ ಕೃಪೆ ಬತ್ತಿದಾಗ ಇನ್ನೊಂದು ನೆರಳು ಬೇಕಾಯಿತು.

ಹೀಗಾಗಿ ಶಿಷ್ಯನಿಲ್ಲದ ಕೃಷ್ಣಪ್ಪ ಕಾದಂಬರಿಯ ದೋಷವಲ್ಲ, ಅದರ ಸತ್ಯ. ಆದರೂ ನನ್ನದೊಂದು ಆಕ್ಷೇಪಣೆ ಉಳಿದಿದೆ. ಈ ಒಂಟಿತನವನ್ನು ಅನಂತಮೂರ್ತಿಯವರು ಒಬ್ಬ ಮನುಷ್ಯನ ಅಂತರಂಗದ ಸಂಕಟವಾಗಿಯೇ ನೋಡುತ್ತಾರೆ; ಪಕ್ಷದ ಕರ್ತವ್ಯವೇನಿತ್ತು ಎಂದು ಪುಸ್ತಕ ಗಟ್ಟಿಯಾಗಿ ಕೇಳುವುದಿಲ್ಲ.

ಸ್ನೇಹಿತರ ಮಗ ಎರಡು ಚುನಾವಣೆಗಳಲ್ಲಿ ಬಿಸಿಲೆನ್ನದೆ ದುಡಿದ ಕಾರ್ಯಕರ್ತ. ಪುಸ್ತಕ ಮುಚ್ಚಿ ಅವನನ್ನು ಕೇಳಿದೆ: "ಪಕ್ಷದವರು ನಿನಗೇನು ಕಲಿಸಿದರಪ್ಪ?"

"ಮನೆಮನೆಗೆ ಚೀಟಿ ಹಂಚೋದು, ಸಾರ್," ಎಂದ. ಸ್ವಲ್ಪ ತಡೆದು, "ಅದನ್ನೂ ನಾನೇ ನೋಡಿ ಕಲಿತದ್ದು," ಎಂದ.