ಗುಳೆ ಹೋದ ಮುತ್ತಜ್ಜಿಯ ಹೆಸರು

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ 'ಗುಳೆ' ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮುಂಬೈ, ಪುಣೆ, ಬೆಂಗಳೂರಿಗೆ ಹೊರಟವರ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಹೋದ ಗಂಡಸರ ಕಥೆ ಕಟ್ಟೆಯ ಮೇಲೆ ಉಳಿಯುತ್ತದೆ. ಹೋದ ಹೆಂಗಸರು ಇಂಥವನ ಹೆಂಡತಿ, ಇಂಥವನ ತಾಯಿ ಎನಿಸಿಕೊಂಡು ಎರಡು ತಲೆಮಾರಿನಲ್ಲಿ ಹೆಸರು ಕಳೆದುಕೊಳ್ಳುತ್ತಾರೆ. ಗಾಯುತ್ರಾ ಬಹಾದೂರ್ ಅವರ 'ಕೂಲಿ ವುಮನ್' (2013) ಓದುವಾಗ ನನಗೆ ನೆನಪಾದವರು ಇವರೇ.

ಲೇಖಕಿ ಗಯಾನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪತ್ರಕರ್ತೆ. ಅವರ ಮುತ್ತಜ್ಜಿ ಸುಜಾರಿಯಾ ಬಿಹಾರದವಳು. 1903ರಲ್ಲಿ ಕಲ್ಕತ್ತೆಯಲ್ಲಿ 'ಕ್ಲೈಡ್' ಎಂಬ ಹಡಗು ಹತ್ತಿ, ಬ್ರಿಟಿಷ್ ಗಯಾನಾದ ಕಬ್ಬಿನ ತೋಟಕ್ಕೆ ಕರಾರಿನ ಕೂಲಿಯಾಗಿ ಹೋದಳು. ವಯಸ್ಸು 27, ನಾಲ್ಕು ತಿಂಗಳ ಬಸಿರು, ಜೊತೆಗೆ ಗಂಡನಿಲ್ಲ. ಮಗು ಹುಟ್ಟಿದ್ದು ಸಮುದ್ರದ ಮೇಲೆ. ಗುಲಾಮಗಿರಿ ರದ್ದಾದ ಮೇಲೆ ತೋಟದ ಮಾಲೀಕರಿಗೆ ಬೇರೆ ಕೈಗಳು ಬೇಕಾದವು. 1838ರಿಂದ 1917ರವರೆಗೆ ಆ ಒಂದು ವಸಾಹತಿಗೇ ಸುಮಾರು 2,38,000 ಭಾರತೀಯರು ಹೋದರು. ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂಬ ನಿಯಮವಿತ್ತು. ಆ ಲೆಕ್ಕ ತುಂಬಿಸಲು ದಲಾಲರು ವಿಧವೆಯರನ್ನೂ ಮನೆ ಬಿಟ್ಟು ಬಂದವರನ್ನೂ ಹುಡುಕುತ್ತಿದ್ದರು. ಹೆಂಗಸರು ಕಡಿಮೆ ಇದ್ದುದರಿಂದ ಕೆಲವರಿಗೆ ಗಂಡನನ್ನು ಬಿಡುವ, ಬೇರೊಬ್ಬನನ್ನು ಆರಿಸುವ ಧೈರ್ಯ ಬಂತು. ಅದೇ ಕಾರಣಕ್ಕೆ ಹಲವರು ಕಬ್ಬು ಕಡಿಯುವ ಮಚ್ಚಿಗೆ ಬಲಿಯಾದರು. ಈ ಎರಡೂ ಮುಖಗಳನ್ನು ಮುಚ್ಚಿಡದೆ ಹೇಳಿರುವುದು ಪುಸ್ತಕದ ದೊಡ್ಡ ಗುಣ.

ಇನ್ನೊಂದು ಗುಣ ಕಥೆಗಾರನಾದ ನನ್ನನ್ನು ನಾಚಿಸಿತು. ಸುಜಾರಿಯಾ ಏಕೆ ಹೊರಟಳು, ಮಗುವಿನ ತಂದೆ ಯಾರು, ಅವಳನ್ನು ಯಾರಾದರೂ ಮೋಸಗೊಳಿಸಿದರೇ ಎಂಬುದಕ್ಕೆ ಕಾಗದಪತ್ರಗಳು ಉತ್ತರ ಕೊಡುವುದಿಲ್ಲ. ನಾನಾಗಿದ್ದರೆ ಒಂದು ಕಥೆ ಕಟ್ಟಿ ಆ ಜಾಗ ತುಂಬಿಬಿಡುತ್ತಿದ್ದೆ. ಲೇಖಕಿ ಪ್ರಶ್ನೆಗಳನ್ನು ಪ್ರಶ್ನೆಗಳಾಗಿಯೇ ಬಿಡುತ್ತಾರೆ. ಸತ್ತವಳ ಮಾನಕ್ಕೆ ಕೊಡುವ ಮರ್ಯಾದೆ ಅದು.

ಕೊರತೆಯೂ ಇದೆ. ಪುಸ್ತಕದ ಗಮನ ಹೆಚ್ಚಾಗಿ ಕಲ್ಕತ್ತೆಯಿಂದ ಹೊರಟವರ ಮೇಲಿದೆ. 1860ರಲ್ಲಿ ಮದರಾಸಿನಿಂದ ನಟಾಲಿಗೆ ಹೊರಟ 'ಟ್ರೂರೋ' ಮತ್ತು ಅದರ ಹಿಂದೆ ಹೋದ ಹಡಗುಗಳಲ್ಲಿದ್ದ ದಕ್ಷಿಣದ ಹೆಂಗಸರಿಗೆ ಇಂಥ ಪುಸ್ತಕ ಇನ್ನೂ ಬೇಕಾಗಿದೆ. 'ಕೂಲಿ' ಎಂಬ ಶಬ್ದದ ಅವಮಾನವನ್ನು ಲೇಖಕಿ ಚರ್ಚಿಸುತ್ತಾರೆ. ಕನ್ನಡದವನಾಗಿ ನಾನು ಒಂದು ಮಾತು ಸೇರಿಸಬಹುದು: ನಮ್ಮಲ್ಲಿ ಕೂಲಿ ಎಂದರೆ ಮೊದಲು ದುಡಿಮೆಗೆ ಸಲ್ಲಬೇಕಾದ ಹಣ. ತೋಟದ ಮಾಲೀಕರು ಹಣವನ್ನು ಕಡಿತ ಮಾಡಿ ಶಬ್ದವನ್ನು ಮನುಷ್ಯರಿಗೆ ಅಂಟಿಸಿದರು.

ಸುಜಾರಿಯಾ ಸಿಕ್ಕಿದ್ದು ಅವಳನ್ನು ದುಡಿಸಲು ಸರ್ಕಾರ ಬರೆದಿಟ್ಟ ವಲಸೆ ಚೀಟಿಯಿಂದ. ಕಟ್ಟಿಹಾಕಿದ ಕಾಗದವೇ ನೆನಪಿಟ್ಟುಕೊಂಡ ಕಾಗದವೂ ಆಯಿತು. ನಮ್ಮವರಿಗೆ ಆ ಚೀಟಿಯೂ ಇಲ್ಲ. 1871ರಲ್ಲಿ ಮುಂಬೈಯ ರೈಲುಹಳಿ ಕಲಬುರಗಿ ದಾಟಿ ರಾಯಚೂರು ಮುಟ್ಟಿತು. 1876-78ರ ಬರದಲ್ಲಿ ಅದನ್ನು ಹಿಡಿದು ಗಿರಣಿಯೂರಿಗೆ ಹೋಗಲು ಯಾವ ವಲಸೆ ಚೀಟಿಯೂ ಬೇಕಿರಲಿಲ್ಲ.

ಹಾಗೆಂದು ಏನೂ ಉಳಿದಿಲ್ಲವೆಂದಲ್ಲ. ನಮ್ಮ ಮನೆತನದ ಶಜರಾಗಳಲ್ಲಿ ಗಂಡಸರ ಹೆಸರು ಮಾತ್ರ ಸಾಲುಗಟ್ಟಿವೆ. ಆದರೆ ನಿಕಾಹ್‌ನಾಮೆಯಲ್ಲಿ ಹೆಣ್ಣಿನ ಹೆಸರು ಬರೆಯಲೇಬೇಕು, ಅವಳ ಒಪ್ಪಿಗೆ ಕೇಳಲೇಬೇಕು. ಧರ್ಮ ಬರೆಸಿದ ಹೆಸರನ್ನು ವಂಶಾಭಿಮಾನ ಅಳಿಸಿದೆ. ನಿಜಾಮರ ಆಡಳಿತದ ಕಾಗದಗಳು ಮೊದಲು ಫಾರ್ಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿವೆ. ಕನ್ನಡ ಶಾಲೆಯಲ್ಲಿ ಓದಿದ ಮೊಮ್ಮಕ್ಕಳಿಗೆ ಪೆಟ್ಟಿಗೆಯಲ್ಲಿರುವ ಆ ಹಾಳೆ ಗೆದ್ದಲು ತಿನ್ನುವ ರದ್ದಿಯಾಗಿ ಕಾಣುತ್ತದೆ. ಎರಡೂ ಲಿಪಿ ಬಲ್ಲ ನಮ್ಮ ತಲೆಮಾರು ಅದನ್ನು ಈಗಲೇ ಓದಿ ಹೇಳಬೇಕು. ಹಿಂದೂ ಮನೆಗಳ ಹಳೆಯ ಜಮೀನು ಕಾಗದಗಳೂ ಇದೇ ಲಿಪಿಯಲ್ಲಿವೆ. ಅವರ ಮುತ್ತವ್ವಂದಿರನ್ನು ಹುಡುಕಿಕೊಡುವ ಕೆಲಸವೂ ನಮ್ಮದೇ.

ಲಾಡ್ಲೆ ಮಶಾಕರ ಉರುಸಿಗೆ ಆಳಂದಕ್ಕೆ ಬಂದಾಗ ಮನೆಯ ಹಿರಿಯ ಹೆಂಗಸನ್ನು ಕೂರಿಸಿಕೊಂಡು ಕೇಳಿ: ನಿಮ್ಮ ಅಜ್ಜಿಯ ಹೆಸರೇನು? ಉತ್ತರ ಬಂದರೆ ಬರೆದುಕೊಳ್ಳಿ. ಬರದಿದ್ದರೆ ಆ ಪ್ರಶ್ನೆಯನ್ನೇ ಬರೆದಿಡಿ.