ಪ್ರತಿಕಾಯವೇ ರೋಗವೆ? ನೀರುಗುಳ್ಳೆ ರೋಗಗಳ ಬಗ್ಗೆ ಒಂದು ವಿಮರ್ಶೆ

ಚರ್ಮದ ಮೇಲೆ ನೀರುಗುಳ್ಳೆ ಏಳಿಸುವ ಸ್ವಯಂ ಪ್ರತಿರಕ್ಷಾ ರೋಗಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಒಂದು ವಾಕ್ಯ ಸಲೀಸಾಗಿ ಬಂದುಬಿಡುತ್ತದೆ: ದೇಹವು ತನ್ನ ಮೇಲೆ ತಾನೇ ಯುದ್ಧ ಸಾರುತ್ತದೆ. ವಾಕ್ಯ ಆಕರ್ಷಕವಾಗಿದೆ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಅದು ವಿಷಯವನ್ನು ಎಷ್ಟು ತಿಳಿಸುತ್ತದೆ, ಎಷ್ಟು ಮರೆಸುತ್ತದೆ ಎಂಬುದನ್ನು ಪರಿಶೀಲಿಸಬೇಕಾಗಿದೆ. ಏಕೆಂದರೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದಂಥ ಕಡೆ ಈ ರೋಗ ಬಂದವರಿಗೆ ಬೇಕಾಗಿರುವುದು ರೂಪಕವಲ್ಲ, ಸಕಾಲದ ರೋಗನಿದಾನ.

ಮೊದಲು ವಿಜ್ಞಾನ ಏನು ಹೇಳುತ್ತದೆ ನೋಡೋಣ. ನಮ್ಮ ಹೊರಚರ್ಮದ ಕೋಶಗಳು ಡೆಸ್ಮೋಸೋಮ್ ಎಂಬ ಬೆಸುಗೆಗಳಿಂದ ಒಂದಕ್ಕೊಂದು ಅಂಟಿಕೊಂಡಿವೆ. ಈ ಬೆಸುಗೆಯ ಮುಖ್ಯ ಪ್ರೋಟೀನುಗಳೆಂದರೆ ಡೆಸ್ಮೋಗ್ಲೀನ್ 1 ಮತ್ತು ಡೆಸ್ಮೋಗ್ಲೀನ್ 3. ಪೆಂಫಿಗಸ್ ರೋಗದಲ್ಲಿ ಪ್ರತಿಕಾಯಗಳು ಇವುಗಳಿಗೆ ಅಂಟಿಕೊಂಡು ಬೆಸುಗೆಯನ್ನು ಸಡಿಲಿಸುತ್ತವೆ. ಪೆಂಫಿಗಾಯ್ಡ್ ರೋಗದಲ್ಲಿ ಪ್ರತಿಕಾಯಗಳ ಗುರಿ ಬೇರೆ: ಹೊರಚರ್ಮವನ್ನು ಒಳಚರ್ಮಕ್ಕೆ ಹಿಡಿದಿಡುವ ಬಿಪಿ 180 ಮತ್ತು ಬಿಪಿ 230 ಎಂಬ ಪ್ರೋಟೀನುಗಳು. ನೇಯ್ಗೆಗೆ ಹೆಸರಾದ ಗಜೇಂದ್ರಗಡದವರಿಗೆ ಹೇಳುವುದಾದರೆ, ಮೊದಲನೆಯದರಲ್ಲಿ ಬಟ್ಟೆಯ ಎಳೆಗಳೇ ಬಿಟ್ಟುಕೊಳ್ಳುತ್ತವೆ. ಎರಡನೆಯದರಲ್ಲಿ ಬಟ್ಟೆ ಗಟ್ಟಿಯಾಗಿದ್ದು ಅದರ ಅಸ್ತರು ಕಳಚುತ್ತದೆ. ಆದ್ದರಿಂದಲೇ ಪೆಂಫಿಗಸ್ ಗುಳ್ಳೆ ಮೆತ್ತಗಿದ್ದು ಬೇಗ ಒಡೆದು ಹಸಿಗಾಯವಾಗುತ್ತದೆ. ಪೆಂಫಿಗಾಯ್ಡ್ ಗುಳ್ಳೆ ಬಿಗಿಯಾಗಿ ಉಬ್ಬಿ ನಿಲ್ಲುತ್ತದೆ. ಅದು ಹೆಚ್ಚಾಗಿ ವೃದ್ಧರಿಗೆ ಬರುತ್ತದೆ.

ಈ ಎರಡು ರೋಗಗಳು ಬೇರೆ ಬೇರೆ ಎಂದು ವಾಲ್ಟರ್ ಲೀವರ್ ತೋರಿಸಿದ್ದು 1953ರಲ್ಲಿ. ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳಿವೆ ಎಂದು ಅಮೆರಿಕದ ಬಫಲೋದಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಕಂಡುಕೊಂಡದ್ದು 1964ರಲ್ಲಿ. ರೋಗಿಗಳ ಪ್ರತಿಕಾಯವನ್ನು ನವಜಾತ ಇಲಿಮರಿಗಳಿಗೆ ಚುಚ್ಚಿದಾಗ ಅವುಗಳಿಗೂ ಗುಳ್ಳೆ ಬಂತೆಂದು 1982ರಲ್ಲಿ ಅನ್‌ಹಾಲ್ಟ್ ಮತ್ತು ಸಂಗಡಿಗರು ವರದಿ ಮಾಡಿದರು. ಅಲ್ಲಿಗೆ ಪ್ರತಿಕಾಯವು ರೋಗದ ಸಾಕ್ಷಿ ಮಾತ್ರವಲ್ಲ, ಕಾರಣವೂ ಹೌದು ಎಂಬುದು ದೃಢವಾಯಿತು. ರೋಗವಿರುವ ತಾಯಿಯಿಂದ ಪ್ರತಿಕಾಯ ಪಡೆದು ಗುಳ್ಳೆಗಳೊಡನೆ ಹುಟ್ಟುವ ಮಗು ಕೆಲವು ವಾರಗಳಲ್ಲಿ ತಾನಾಗಿ ಗುಣವಾಗುವುದೂ ಇದನ್ನೇ ಸಮರ್ಥಿಸುತ್ತದೆ.

ಇಷ್ಟರ ಮೇಲೆ ಯುದ್ಧದ ರೂಪಕಕ್ಕೆ ಎರಡು ಆಕ್ಷೇಪಗಳಿವೆ.

ಒಂದು, ಪೆಂಫಿಗಸ್‌ನಲ್ಲಿ ನಿಜವಾಗಿ ಯುದ್ಧವೇ ನಡೆಯುವುದಿಲ್ಲ. ಇಲ್ಲಿ ಪ್ರಧಾನವಾದ ಐಜಿಜಿ 4 ವರ್ಗದ ಪ್ರತಿಕಾಯಗಳು ಕಾಂಪ್ಲಿಮೆಂಟ್ ಪ್ರೋಟೀನುಗಳನ್ನಾಗಲಿ, ಬಿಳಿ ರಕ್ತಕಣಗಳನ್ನಾಗಲಿ ಕರೆತರಬೇಕಾಗಿಲ್ಲ. ಅಂಟಿಕೊಂಡರೆ ಸಾಕು, ಬೆಸುಗೆ ಬಿಡುತ್ತದೆ. ಪೆಂಫಿಗಾಯ್ಡ್‌ನಲ್ಲಾದರೋ ಕಾಂಪ್ಲಿಮೆಂಟ್ ಮತ್ತು ಬಿಳಿಕಣಗಳ ಉರಿಯೂತದ ಪಾತ್ರ ದೊಡ್ಡದು. ಎರಡನ್ನೂ ಒಂದೇ ಯುದ್ಧವೆಂದು ಕರೆದರೆ ಈ ಭೇದ ಓದುಗನಿಗೆ ತಿಳಿಯುವುದೇ ಇಲ್ಲ.

ಎರಡು, ಪ್ರತಿಕಾಯ ಇದ್ದಲ್ಲೆಲ್ಲ ರೋಗ ಇರಬೇಕೆಂಬ ಭಾವನೆಯನ್ನು ಈ ರೂಪಕ ಹುಟ್ಟಿಸುತ್ತದೆ. ವಾಸ್ತವ ಹಾಗಿಲ್ಲ. ಬ್ರೆಜಿಲ್ ದೇಶದ ಕೆಲವು ಗ್ರಾಮೀಣ ಪ್ರದೇಶಗಳಲ್ಲಿ 'ಫೋಗೊ ಸೆಲ್ವಾಜೆಮ್' ಎಂಬ ಬಗೆಯ ಪೆಂಫಿಗಸ್ ನೆಲೆಯೂರಿದೆ. ಅಲ್ಲಿನ ಲಿಮಾವ್ ವೆರ್ಡೆ ಎಂಬಲ್ಲಿ ಆರೋಗ್ಯವಂತರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡೆಸ್ಮೋಗ್ಲೀನ್ 1ರ ವಿರುದ್ಧ ಪ್ರತಿಕಾಯ ಇದ್ದುದು ಕಂಡುಬಂತು. ಇದು 2000ದಲ್ಲಿ ಪ್ರಕಟವಾಯಿತು. ಮರಳುನೊಣದ ಜೊಲ್ಲಿನ ಪ್ರೋಟೀನು ಇಂಥ ಪ್ರತಿಕಾಯಗಳನ್ನು ಪ್ರಚೋದಿಸುತ್ತಿರಬಹುದೆಂದು ಮುಂದಿನ ಸಂಶೋಧನೆಗಳು ಸೂಚಿಸಿದವು. ಗುಳ್ಳೆ ಪೂರ್ತಿ ಮಾಯವಾದ ಮೇಲೂ ಕೆಲವು ರೋಗಿಗಳ ರಕ್ತದಲ್ಲಿ ಡೆಸ್ಮೋಗ್ಲೀನ್ 3ರ ಪ್ರತಿಕಾಯ ಉಳಿದಿರುತ್ತದೆ. ಆದ್ದರಿಂದ ಎಲೈಸಾ ವರದಿಯ ಅಂಕಿಯೊಂದನ್ನೇ ನೋಡಿ ಔಷಧ ಏರಿಸುವುದು ಇಳಿಸುವುದು ಸರಿಯಲ್ಲ. ಚರ್ಮ ಮತ್ತು ಬಾಯಿಯನ್ನು ನೋಡದೆ ವರದಿಗೆ ಅರ್ಥವಿಲ್ಲ.

ಸಂಶೋಧಕರ ಸಿದ್ಧಾಂತವೂ ವಿಮರ್ಶೆಗೆ ಹೊರತಲ್ಲ. ಡೆಸ್ಮೋಗ್ಲೀನ್ 3ರ ಪ್ರತಿಕಾಯ ಮಾತ್ರ ಇದ್ದರೆ ಬಾಯಿಯಲ್ಲಿ ಹುಣ್ಣು, 1ರದು ಮಾತ್ರ ಇದ್ದರೆ ಚರ್ಮದ ಮೇಲ್ಪದರದಲ್ಲಿ ಗುಳ್ಳೆ, ಎರಡೂ ಇದ್ದರೆ ಎರಡೂ ಕಡೆ ಎಂಬುದು ಪರಿಹಾರ ಸಿದ್ಧಾಂತ. ಒಂದು ಡೆಸ್ಮೋಗ್ಲೀನ್ ಕೆಟ್ಟರೂ ಇನ್ನೊಂದು ಇರುವಲ್ಲಿ ಅದು ಕೊರತೆಯನ್ನು ತುಂಬಿಕೊಡುತ್ತದೆ ಎಂಬುದು ಇದರ ತಿರುಳು. ಬಹುಪಾಲು ರೋಗಿಗಳಿಗೆ ಇದು ಹೊಂದುತ್ತದೆ. ಆದರೆ ಎರಡೂ ಪ್ರತಿಕಾಯಗಳಿದ್ದಾಗ ಹೊರಚರ್ಮವೆಲ್ಲ ಚೂರಾಗದೆ, ತಳದ ಕೋಶಗಳ ಮೇಲ್ಗಡೆ ಮಾತ್ರ ಸೀಳುವುದೇಕೆ ಎಂಬ ಪ್ರಶ್ನೆಗೆ ಈ ಸಿದ್ಧಾಂತ ಒಂದರಿಂದಲೇ ಉತ್ತರ ಸಿಗುವುದಿಲ್ಲ. ಸೊಗಸಾದ ಸಿದ್ಧಾಂತವನ್ನು ಪಠ್ಯಪುಸ್ತಕದ ಸತ್ಯವಾಗಿ ಒಪ್ಪಿಸುವ ಮುನ್ನ ಈ ಬಿರುಕನ್ನೂ ತೋರಿಸುವುದು ಬರೆಯುವವರ ಹೊಣೆ.

ಈಗ ನಮ್ಮ ಊರುಗಳಿಗೆ ಬರೋಣ. ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯೊಂದು ಪೆಂಫಿಗಸ್ ಪ್ರಮಾಣವನ್ನು ವರ್ಷಕ್ಕೆ ಹತ್ತು ಲಕ್ಷಕ್ಕೆ 4.4 ಎಂದು ಲೆಕ್ಕ ಹಾಕಿದೆ. 2011ರ ಜನಗಣತಿಯಂತೆ ಗದಗ ಜಿಲ್ಲೆಯ ಜನಸಂಖ್ಯೆ ಹತ್ತೂವರೆ ಲಕ್ಷಕ್ಕೆ ತುಸು ಹೆಚ್ಚು. ಅದೇ ಪ್ರಮಾಣ ಇಲ್ಲಿಗೂ ಅನ್ವಯಿಸಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕೈದು ಹೊಸ ರೋಗಿಗಳು. ರೋಣ, ನರಗುಂದ, ಗಜೇಂದ್ರಗಡಗಳ ಪಾಲಿಗೆ ಒಬ್ಬರೋ ಇಬ್ಬರೋ. ಅಪಾಯವಿರುವುದು ಈ ವಿರಳತೆಯಲ್ಲೇ. ವರ್ಷಕ್ಕೊಮ್ಮೆ ಕಾಣುವ ರೋಗ ಯಾರ ನೆನಪಿಗೂ ಬರುವುದಿಲ್ಲ. ಗುಳ್ಳೆ ಕಂಡೊಡನೆ ಸರ್ಪಸುತ್ತು ಎನ್ನುವುದು ರೂಢಿ. ಬಾಯಿಹುಣ್ಣಾದರೆ ಉಷ್ಣ ಎನ್ನುವುದು ರೂಢಿ. ಅನೇಕರಲ್ಲಿ ಪೆಂಫಿಗಸ್ ಶುರುವಾಗುವುದೇ ಬಾಯಿಹುಣ್ಣಿನಿಂದ. ಹೀಗೆ ತಿಂಗಳುಗಳು ಕಳೆಯುತ್ತವೆ. ಸ್ಟೀರಾಯ್ಡ್ ಔಷಧಗಳು ಬರುವ ಮೊದಲು ಈ ರೋಗ ಬಂದವರಲ್ಲಿ ಬಹುಪಾಲು ಜನ ಸಾಯುತ್ತಿದ್ದರೆಂಬುದನ್ನು ನೆನೆದರೆ, ಆ ತಿಂಗಳುಗಳ ಬೆಲೆ ತಿಳಿದೀತು.

ಸರ್ಪಸುತ್ತು ಸಾಮಾನ್ಯವಾಗಿ ದೇಹದ ಒಂದೇ ಬದಿಯಲ್ಲಿ, ಒಂದು ನರದ ಹಾದಿಗುಂಟ ಪಟ್ಟಿಯಂತೆ ಏಳುತ್ತದೆ. ಪೆಂಫಿಗಸ್‌ಗೆ ಆ ಎಲ್ಲೆ ಇಲ್ಲ. ಸಂದೇಹ ಬಂದರೆ ಗುಳ್ಳೆಯ ತಳವನ್ನು ಮೆಲ್ಲಗೆ ಕೆರೆದು ಗಾಜಿಗೆ ಸವರಿ ಜೀಮ್ಸಾ ಬಣ್ಣ ಹಾಕಿ ನೋಡಬಹುದು. ಪೆಂಫಿಗಸ್ ಆದರೆ ಬಿಡಿಬಿಡಿಯಾದ ದುಂಡು ಕೋಶಗಳು, ಸರ್ಪಸುತ್ತಾದರೆ ಹಲವು ಕೋಶಕೇಂದ್ರಗಳುಳ್ಳ ದೈತ್ಯಕೋಶಗಳು. 1947ರಲ್ಲಿ ಆರ್ನೋ ಟ್ಸಾಂಕ್ ಪ್ರಚಾರಕ್ಕೆ ತಂದ ಈ ಪರೀಕ್ಷೆಗೆ, ಮಲೇರಿಯಾ ನೋಡುವ ಸೂಕ್ಷ್ಮದರ್ಶಕವೇ ಸಾಕು.

ಅಂತಿಮ ನಿರ್ಣಯಕ್ಕೆ ಪ್ರತಿದೀಪ್ತಿ ಪರೀಕ್ಷೆ ಬೇಕು. ಅದು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಂಥ ಕಡೆ ಆಗುವಂಥದು. ಇಲ್ಲಿ ಒಂದು ಸಣ್ಣ ತಪ್ಪು ಇಡೀ ಶ್ರಮವನ್ನು ಹಾಳುಮಾಡುತ್ತದೆ: ಚರ್ಮದ ತುಣುಕನ್ನು ಅಭ್ಯಾಸಬಲದಿಂದ ಫಾರ್ಮಲಿನ್‌ಗೆ ಹಾಕುವುದು. ಫಾರ್ಮಲಿನ್ ಸೇರಿದ ತುಣುಕು ಈ ಪರೀಕ್ಷೆಗೆ ಒದಗದು. ಗುಳ್ಳೆಯಿಂದಲ್ಲ, ಅದರ ಪಕ್ಕದ ಚರ್ಮದಿಂದ ತೆಗೆದ ತುಣುಕನ್ನು ಮಿಶೆಲ್ ದ್ರಾವಣದಲ್ಲಿಡಬೇಕು. ಅದಿಲ್ಲದಿದ್ದರೆ 24 ಗಂಟೆಯೊಳಗೆ ತಲುಪುವಂತೆ ಸಾಧಾರಣ ಸಲೈನ್‌ನಲ್ಲಿಟ್ಟರೂ ನಡೆಯುತ್ತದೆ ಎಂದು ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ತಂಡ 2004ರಲ್ಲಿ ತೋರಿಸಿದೆ. ಸಲೈನ್ ಬಾಟಲಿ ಇಲ್ಲದ ಆಸ್ಪತ್ರೆ ಯಾವುದು? ರೋಣದಿಂದ ರಾತ್ರಿ ಹೊರಟ ತುಣುಕು ಮರುದಿನ ಕರಾವಳಿ ಸೇರಬಲ್ಲದು.

ಚಿಕಿತ್ಸೆಯೂ ದೂರದ ಮಾತಲ್ಲ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಜೆ. ಎಸ್. ಪಸ್ರೀಚಾ 1980ರ ದಶಕದಲ್ಲಿ ರೂಪಿಸಿದ ಡೆಕ್ಸಾಮೆಥಸೋನ್ ಪಲ್ಸ್ ಚಿಕಿತ್ಸೆ ಭಾರತದಲ್ಲಿ ವ್ಯಾಪಕವಾಗಿ ಬಳಕೆಗೆ ಬಂತು. ಪ್ರತಿಕಾಯ ತಯಾರಿಸುವ ಬಿ ಕೋಶಗಳನ್ನೇ ಇಳಿಸುವ ರಿಟುಕ್ಸಿಮ್ಯಾಬ್‌ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪೆಂಫಿಗಸ್‌ಗಾಗಿ ಅನುಮತಿ ನೀಡಿದರು.

ವಿಜ್ಞಾನ ಬರಹದ ಬೆಲೆ ಅದು ಮೂಡಿಸುವ ಬೆರಗಿನಿಂದ ಮಾತ್ರ ತೀರ್ಮಾನವಾಗಬಾರದು. ಪ್ರತಿಕಾಯದ ಕಥೆಯನ್ನು ಯುದ್ಧವೆಂದು ಬರೆದು ಮುಗಿಸುವ ಬದಲು, ಮೂರು ವಾರ ಮಾಯದ ಬಾಯಿಹುಣ್ಣನ್ನು ಚರ್ಮವೈದ್ಯರಿಗೆ ತೋರಿಸಿ, ತುಣುಕನ್ನು ಫಾರ್ಮಲಿನ್‌ಗೆ ಹಾಕಬೇಡಿ ಎಂಬೆರಡು ಮಾತುಗಳನ್ನು ಸೇರಿಸಿದರೆ, ನರಗುಂದದ ಒಬ್ಬ ರೋಗಿಗಾದರೂ ಕೆಲವು ತಿಂಗಳುಗಳು ಉಳಿದಾವು.