ಅಪ್ಪನ ಮಾತು, ಮಗನ ಬದುಕು

ಜನವರಿ ಬಂತೆಂದರೆ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ನೆನಪು. 15ಕ್ಕೆ ಸೇನಾ ದಿನ, 28ಕ್ಕೆ ಜಯಂತಿ. ಈ ಹೊತ್ತಿನ ಭಾಷಣ, ಲೇಖನಗಳಲ್ಲಿ ಒಂದು ಪ್ರಸಂಗ ತಪ್ಪದೆ ಬರುತ್ತದೆ. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನಕ್ಕೆ ಸೆರೆ ಸಿಕ್ಕಿದ. ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಧ್ಯಕ್ಷ ಅಯೂಬ್ ಖಾನ್, ಮಗನನ್ನು ಬಿಟ್ಟುಕೊಡುವುದಾಗಿ ತಿಳಿಸಿದರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ಅಪ್ಪ ಹೇಳಿದರು. ಸಭೆ ಚಪ್ಪಾಳೆ ತಟ್ಟುತ್ತದೆ. ಮಗನ ಕಥೆ ಅಲ್ಲಿಗೆ ಮುಗಿಯುತ್ತದೆ.

ಆ ಮಗ, ಕೆ.ಸಿ. ಕಾರ್ಯಪ್ಪ, ಕೊಡಗಿನವರ ಬಾಯಲ್ಲಿ ನಂದಾ ಕಾರ್ಯಪ್ಪ, ಮುಂದೆ ಏರ್ ಮಾರ್ಷಲ್ ಆದರು. ವಾಯುಪಡೆಯ ನೈಋತ್ಯ ಕಮಾಂಡಿನ ಮುಖ್ಯಸ್ಥರಾಗಿ 1996ರಲ್ಲಿ ನಿವೃತ್ತರಾದರು. ಸೆರೆಯಿಂದ ಬಿಡುಗಡೆಯಾದ ಮೇಲಿನ ಮೂವತ್ತು ವರ್ಷಗಳ ಈ ಸೇವೆಗೆ ನಮ್ಮ ಬರವಣಿಗೆ ಒಂದು ಸಾಲನ್ನೂ ಸರಿಯಾಗಿ ಕೊಟ್ಟಿಲ್ಲ. ನನ್ನ ತಕರಾರು ಆ ಪ್ರಸಂಗದ ಮೇಲಲ್ಲ, ಅದನ್ನು ಹೇಳುವ ರೀತಿಯ ಮೇಲೆ.

ಮೊದಲಿಗೆ, ಹೇಳುವವರ ಬಾಯಲ್ಲಿ ಪ್ರಸಂಗ ಬೆಳೆಯುತ್ತ ಹೋಗಿದೆ. ಒಬ್ಬರ ಪ್ರಕಾರ ಅಯೂಬ್ ಖುದ್ದಾಗಿ ಫೋನ್ ಮಾಡಿದರು, ಇನ್ನೊಬ್ಬರ ಪ್ರಕಾರ ದೆಹಲಿಯ ಹೈಕಮಿಷನರ್ ಮೂಲಕ ಹೇಳಿಕಳುಹಿಸಿದರು. ಉತ್ತರಕ್ಕೂ ಸಿನಿಮಾ ಸಂಭಾಷಣೆಯ ಗತ್ತು ಬಂದಿದೆ. ತಿರುಳು ನಿಜವಾಗಿರುವಾಗ ಇಷ್ಟು ಒಗ್ಗರಣೆ ಯಾಕೆ ಬೇಕು?

ಎರಡನೆಯದಾಗಿ, ಈ ಕಥೆಯಲ್ಲಿ ಪೆಟ್ಟು ತಿಂದವರು ಯಾರು ಎಂಬುದೇ ಮರೆತುಹೋಗುತ್ತದೆ. 1965ರ ಸೆಪ್ಟೆಂಬರ್ 22, ಕದನ ವಿರಾಮಕ್ಕೆ ಇನ್ನು ಕೆಲವೇ ಗಂಟೆ ಬಾಕಿ. 20ನೇ ಸ್ಕ್ವಾಡ್ರನ್ನಿನ ಹಂಟರ್ ಹಾರಿಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಕಾರ್ಯಪ್ಪನವರ ವಿಮಾನಕ್ಕೆ ನೆಲದಿಂದ ಹಾರಿಸಿದ ಗುಂಡು ತಗುಲಿತು. ಅವರು ಸೀಟಿನ ಸಮೇತ ಹೊರಗೆ ಚಿಮ್ಮಿದರು. ಸ್ಫೋಟಕದ ಬಲದಿಂದ ಮೇಲಕ್ಕೆ ನುಗ್ಗುವ ಆ ಸೀಟು ಜೀವ ಉಳಿಸುತ್ತದೆ, ಆದರೆ ಅದರ ಹೊಡೆತ ನೇರ ಬೆನ್ನುಮೂಳೆಗೆ. ಬೆನ್ನಿಗೆ ಪೆಟ್ಟು ಬಿದ್ದು, ಶತ್ರುವಿನ ನೆಲದಲ್ಲಿ ಸೆರೆಯಾಗಿ, 1966ರ ಜನವರಿಯವರೆಗೆ ಅಲ್ಲಿದ್ದವರು 27 ವರ್ಷದ ಮಗ. ಅಪ್ಪನ ದೊಡ್ಡತನಕ್ಕೆ ತೆತ್ತ ಬೆಲೆ ಮಗನದು.

ಸೆರೆಮನೆಯ ಇನ್ನೊಂದು ವಿವರವನ್ನು ನಂದಾ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅಯೂಬರ ಪತ್ನಿ ಅವರನ್ನು ನೋಡಲು ಬಂದಿದ್ದರು. ಜೊತೆಗೆ ಸಿಗರೇಟು, ಒಂದು ವುಡ್‌ಹೌಸ್ ಕಾದಂಬರಿ. ನಮ್ಮ ಭಾಷಣಕಾರರು ಇದನ್ನು ಬಿಟ್ಟುಬಿಡುತ್ತಾರೆ. ಯಾಕೆಂದರೆ ಅಪ್ಪ ಬೇಡವೆಂದರೂ ಮಗನಿಗೆ ಒಂದಿಷ್ಟು ವಿಶೇಷ ಉಪಚಾರ ಸಿಕ್ಕೇಬಿಟ್ಟಿತು ಎಂದಾಗುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಸಂಗದಲ್ಲಿ ಅತ್ಯಂತ ಮನುಷ್ಯಸಹಜವಾದ ಭಾಗವೇ ಇದು. ನಿನ್ನೆ ಮೊನ್ನೆಯವರೆಗೆ ಒಂದೇ ಸೇನೆಯಲ್ಲಿದ್ದವರ ಹಳೆಯ ಒಡನಾಟ ಯುದ್ಧದ ನಡುವೆಯೂ ಹೇಗೆ ಉಳಿದಿತ್ತು ಎಂಬುದನ್ನು ಇದು ತೋರಿಸುತ್ತದೆ.

ಮೂರನೆಯ ಕೊರತೆ ಎಲ್ಲಕ್ಕಿಂತ ದೊಡ್ಡದು. ಬೆನ್ನಿನ ಪೆಟ್ಟಿನ ನಂತರ ಅವರು ಹೆಲಿಕಾಪ್ಟರಿನತ್ತ ಹೊರಳಿದರು. 1971ರ ಯುದ್ಧದ ಹೊತ್ತಿಗೆ ಉತ್ತರ ಬಂಗಾಳದ ಹಾಸಿಮಾರಾದಲ್ಲಿ 111ನೇ ಹೆಲಿಕಾಪ್ಟರ್ ಘಟಕದ ನಾಯಕರಾಗಿದ್ದರು. ವೇಗವನ್ನೇ ನೆಚ್ಚಿದ ಫೈಟರ್ ಚಾಲಕನೊಬ್ಬ ತಗ್ಗಿನಲ್ಲಿ, ನಿಧಾನವಾಗಿ ಹಾರುವ ಯಂತ್ರಕ್ಕೆ ಒಗ್ಗಿಕೊಳ್ಳುವುದು ಸುಲಭದ ಮಾತಲ್ಲ. ಹೊಳೆಗಳೇ ತುಂಬಿದ ಪೂರ್ವ ರಣರಂಗದಲ್ಲಿ ಹೆಲಿಕಾಪ್ಟರ್ ಎಂಥ ಆಸರೆಯಾಯಿತು ಎಂಬುದು ಯುದ್ಧದ ಇತಿಹಾಸ ಓದಿದವರಿಗೆ ಗೊತ್ತು. ನಾಟಕೀಯ ಮಾತಿಲ್ಲದ ಈ ಅಧ್ಯಾಯವೇ ಅಧಿಕಾರಿಯೊಬ್ಬನ ನಿಜವಾದ ಪರೀಕ್ಷೆ.

ನಂದಾ ಸೆರೆಸಿಕ್ಕ ಯುದ್ಧದಲ್ಲೇ ಹಾರಿದ ಇನ್ನೊಬ್ಬ ಕೊಡಗಿನವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲೇ ಅವರು ಪಾಕಿಸ್ತಾನದ ಸ್ಟಾರ್‌ಫೈಟರನ್ನು ಕೆಡವಿದ್ದು ಬೆಳಕಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ದೇವಯ್ಯನವರ ಸಾಹಸವನ್ನು ಹೇಳಲು ಆಗ ನಮ್ಮ ಬಳಿ ಸಾಕ್ಷಿಯಿರಲಿಲ್ಲ. ನಂದಾ ಕಾರ್ಯಪ್ಪನವರ ವಿಷಯದಲ್ಲಿ ಆ ನೆಪವೂ ಇಲ್ಲ.

ಅವರು ಬರವಣಿಗೆಗೆ ಕೈಹಾಕಿದಾಗಲೂ ಆರಿಸಿಕೊಂಡದ್ದು ಅಪ್ಪನನ್ನೇ. ಫೀಲ್ಡ್ ಮಾರ್ಷಲರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 2007ರಲ್ಲಿ ಪ್ರಕಟಿಸಿದರು. ಮಗ ಬರೆದ ಅಪ್ಪನ ಕಥೆಗೆ ಹತ್ತಿರದಿಂದ ಕಂಡ ಲಾಭವೂ ಇರುತ್ತದೆ, ದೂರ ನಿಂತು ತೂಗಲಾಗದ ಮಿತಿಯೂ ಇರುತ್ತದೆ. ಆ ಹೊಣೆಯನ್ನು ಮಗ ಹೊತ್ತಾಯಿತು. ಮಗನ ಕಥೆಯನ್ನು ದೂರ ನಿಂತು ಬರೆಯುವ ಕೆಲಸ ಉಳಿದವರದು.

ಹಾಗೆ ಬರೆಯುವವರಿಗೆ ನನ್ನ ಸಲಹೆ ಇಷ್ಟೆ. ಅಪ್ಪನ ಉತ್ತರಕ್ಕೆ ಒಂದು ಪುಟ ಸಾಕು. ಉಳಿದ ಪುಟಗಳು ಹಾಸಿಮಾರಾಕ್ಕೆ, ಕಮಾಂಡಿನ ಕಚೇರಿಗೆ, ಪೆಟ್ಟು ತಿಂದ ಬೆನ್ನು ಹೊತ್ತು ಮತ್ತೆ ಹಾರಿದ ವರ್ಷಗಳಿಗೆ ಮೀಸಲಾಗಲಿ. ಸಭೆಯ ಚಪ್ಪಾಳೆ ಕಡಿಮೆಯಾದೀತು, ಆದರೆ ಓದುಗನಿಗೆ ಒಬ್ಬ ಅಧಿಕಾರಿಯ ಪರಿಚಯವಾದರೂ ಆದೀತು.